ಎರಡು ಚೀಟಿ, ಒಂದು ಝೆನ್

ಗಾಡಿ ಕಪ್ಪಗಿತ್ತು. ಚೀಟಿಯ ಪ್ರಕಾರ ಅದು ಬೆಳ್ಳಿಯ ಬಣ್ಣದ್ದಾಗಿರಬೇಕಿತ್ತು.

ಕೈನಾತ ಶೆಡ್ಡಿನಲ್ಲಿ ನಿಂತು ಚೀಟಿಯನ್ನು ಇನ್ನೊಮ್ಮೆ ಓದಿದಳು. ಬರೆದವಳು ತಾನೇ, ಅಂಕಿ ತಪ್ಪಿರಲಾರದು. ಬಾನೆಟ್ ಎತ್ತಿ, ಚಾಸಿ ನಂಬರಿನ ತಗಡನ್ನು ದುಪಟ್ಟದ ತುದಿಯಿಂದ ಒರೆಸಿ, ಒಂದೊಂದೇ ಅಂಕಿಗೆ ಬೆರಳಿಟ್ಟು ಹೋಲಿಸಿದಳು. ಎಲ್ಲವೂ ತಾಳೆಯಾದವು.

ಬೆನ್ನ ಹಿಂದೆ ನಳದ ನೀರು ಡ್ರಮ್ಮು ತುಂಬಿ ನೆಲಕ್ಕೆ ಹರಿಯುತ್ತಿತ್ತು.

"ಬೇಟಿ, ನೀರು ಹರದ ಹೊಂಟೈತಿ," ಅಡುಗೆಮನೆಯಿಂದ ಅತ್ತೆ ಹಾಜಿರಾಬಿ ಕೂಗಿದಳು. "ಎಂಟ ದಿನಕ್ಕೊಮ್ಮೆ ಬರೂ ನೀರದು. ಗಟಾರಕ್ಕ ಕುಡಿಸಬ್ಯಾಡ."

ಕೈನಾತ ಪೈಪನ್ನು ಎರಡನೆಯ ಡ್ರಮ್ಮಿಗೆ ಹಾಕಿದಳು.

ಗಂಡ ಸೊಹೇಲನನ್ನು ಮಣ್ಣು ಮಾಡಿ ಅಂದಿಗೆ ಹನ್ನೊಂದನೆಯ ದಿನ. ಮೂವತ್ನಾಲ್ಕು ವರ್ಷದ ಎದೆ ಒಂದು ಗುರುವಾರ ಬೆಳಿಗ್ಗೆ ಹೇಳದೆ ಕೇಳದೆ ನಿಂತುಹೋಗಿತ್ತು. ಹತ್ತನೆಯ ದಿನದ ಫಾತೆಹಾ ಮುಗಿಸಿಕೊಂಡು ನೆಂಟರು ನಿನ್ನೆ ಸಂಜೆ ಹೊರಟುಹೋದರು. ಇವತ್ತು ಇಬ್ರಾಹಿಂಪುರದಲ್ಲಿ ಎಂದಿನ ಸೋಮವಾರ. ರೈಲು ಹೊತ್ತಿಗೆ ಸರಿಯಾಗಿ ಹೋಯಿತು, ನಳಕ್ಕೆ ನೀರು ಬಂತು, ಎದುರುಮನೆಯವರು ಮಿಕ್ಸರ್ ಹಚ್ಚಿದರು. ಎಲ್ಲವನ್ನೂ ಕೈನಾತ ಬೇರೆ ಊರಿನ ಸುದ್ದಿ ಕೇಳಿದ ಹಾಗೆ ಕೇಳಿಸಿಕೊಂಡಳು. ಅಳು ಇನ್ನೂ ಬಂದಿರಲಿಲ್ಲ. ಬರುತ್ತದೆಂದು ಎಲ್ಲರೂ ಹೇಳಿದ್ದರು.

ಬಂದದ್ದು ಸೊಹೇಲನ ದೋಸ್ತ ಸತೀಶಕುಮಾರ. ನಿನ್ನೆ ಊಟ ಮುಗಿಸಿ ಕೈ ತೊಳೆದವನು ಹಾಜಿರಾಬಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದ್ದ: ಬಬಲೇಶ್ವರದ ನಮ್ಮ ಅತ್ತೆಯ ಕಾರನ್ನು ನಿಮ್ಮ ಮಗ ಮಾರಿಕೊಂಡಿದ್ದಾನೆ. ಶೆಡ್ಡಿನಲ್ಲಿರುವುದು ಬೇರೆ ಗಾಡಿ, ಬಣ್ಣ ಹಚ್ಚಿದ್ದು. ನಾಳೆ ಹನ್ನೊಂದಕ್ಕೆ ಅತ್ತೆಯನ್ನೇ ಕರೆದುಕೊಂಡು ಬರುತ್ತೇನೆ. ನಿಜವಾದ ಗಾಡಿ ಎಲ್ಲಿದೆ ಎಂದು ಹೇಳಿ, ಇಲ್ಲವಾದರೆ ಸಂಜೆಗೆ ಪೊಲೀಸರಿಗೆ ಬರೆದುಕೊಡುತ್ತೇವೆ.

ಸತ್ತವನ ಹೆಸರಿನ ಮುಂದೆ ಕಳ್ಳ ಎಂದು ಬರೆಸಿಕೊಳ್ಳಲು ಹಾಜಿರಾಬಿ ತಯಾರಿರಲಿಲ್ಲ. ರಾತ್ರಿಯೆಲ್ಲ ಜಪಮಣಿ ಉರುಳಿಸಿದ್ದಳು.

ಕೈನಾತ ನಿದ್ದೆ ಮಾಡಿದ್ದಳು. ಬೆಳಿಗ್ಗೆ ಎದ್ದು ಚೀಟಿಗಳ ಡಬ್ಬಿ ತೆಗೆದಿದ್ದಳು.

ಚೀಟಿ ಅವಳ ಕಸುಬು. ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಬಂದವಳಿಗೆ ಗಂಡನ ಗ್ಯಾರೇಜು ಕಂಡಾಗ ಮೊದಲು ಅನ್ನಿಸಿದ್ದು, ಇಲ್ಲಿ ಯಾವುದಕ್ಕೂ ಪಟ್ಟಿಯೇ ಇಲ್ಲವಲ್ಲ ಎಂದು. ಊರಿನ ಬೇರೆ ಗ್ಯಾರೇಜುಗಳು ಓಡುವ ಗಾಡಿಗಳ ಹಿಂದೆ ಬಿದ್ದರೆ ಸೊಹೇಲ ಕಂಪನಿಯೇ ಮರೆತ ಗಾಡಿಗಳ ಹಿಂದೆ ಬಿದ್ದಿದ್ದ. ಐದು ಗೇರಿನ ಮಾರುತಿ ಎಂಟುನೂರು. ಹೊರಗಿನಿಂದ ನೋಡಿದರೆ ನಾಲ್ಕು ಗೇರಿನದ್ದೇ, ಗೇರಿಗೆ ಕೈ ಹಾಕಿದಾಗ ಮಾತ್ರ ಗೊತ್ತಾಗುವುದು. ಬೆನ್ನು ಉದ್ದವಾದ ಬಲೇನೊ ಆಲ್ಟುರಾ. ಬೆಂಗಳೂರಿನಲ್ಲಿ ತಯಾರಾದ ಡಾಲ್ಫಿನ್. ಮೈಯೆಲ್ಲ ಫೈಬರು, ಆಯಸ್ಕಾಂತ ಹಚ್ಚಿದರೆ ಜಾರಿ ಬೀಳುತ್ತಿತ್ತು. ಹಾಜಿರಾಬಿ ಅದನ್ನು ಬಕೀಟ ಗಾಡಿ ಎಂದೇ ಕರೆಯುತ್ತಿದ್ದಳು. ಒಂದೊಂದಕ್ಕೂ ಕೈನಾತ ಒಂದೊಂದು ಚೀಟಿ ಮಾಡಿದ್ದಳು: ಮಾದರಿ, ಬಗೆ, ಚಾಸಿ ನಂಬರು, ತಂದವರ ಸಹಿ, ಒಳಗೆ ಬಂದ ದಿನ, ಹೊರಗೆ ಹೋದ ದಿನ, ಎಲ್ಲಿಗೆ.

ಝೆನ್ ಕಾರಿನ ಚೀಟಿ ಎರಡು ಇದ್ದವು.

ಎರಡೂ ಮೂರು ಬಾಗಿಲಿನವು. ಅಕ್ಕಪಕ್ಕ ಒಂದೊಂದು, ಹಿಂದೆ ಡಿಕ್ಕಿಯದೊಂದು. ಎರಡು ಸಾವಿರದ ಮೂರರಲ್ಲಿ ಕಂಪನಿ ಕೆಲವೇ ನೂರು ಮಾಡಿ ಕೈಬಿಟ್ಟ ಬಗೆ. ಕಪ್ಪಗಿದ್ದದ್ದು ಕಾರ್ಬನ್, ಬೆಳ್ಳಿ ಬಣ್ಣದ್ದು ಸ್ಟೀಲ್. ಕಾರ್ಬನ್ ಸತೀಶಕುಮಾರನ ಅತ್ತೆ, ಬಬಲೇಶ್ವರದ ಗುರುಸಿದ್ದವ್ವನದು. ತೀರಿಕೊಂಡ ಗಂಡ, ಶಾಲೆಯ ಮಾಸ್ತರು, ತಂದದ್ದನ್ನು ಮತ್ತೆ ಓಡುವಂತೆ ಮಾಡಿಕೊಡು ಎಂದು ಸೊಹೇಲನಿಗೆ ಒಪ್ಪಿಸಿದ್ದಳು. ಸ್ಟೀಲ್ ಅನ್ನು ಸತೀಶಕುಮಾರ ಎಲ್ಲಿಂದಲೋ ತಂದು, ಬಿಡಿ ಸಾಮಾನಿಗೆ ಆದೀತು ಎಂದು ಬಿಟ್ಟುಹೋಗಿದ್ದ.

ಈಗ ಶೆಡ್ಡಿನಲ್ಲಿದ್ದದ್ದು ಒಂದೇ. ನಂಬರು ಸ್ಟೀಲಿನದು. ಬಣ್ಣ ಕಾರ್ಬನ್‌ನದು.

ಕಾರ್ಬನ್ ಚೀಟಿಯಲ್ಲಿ ಹೊರಗೆ ಹೋದ ದಿನ ಇತ್ತು. ಸೊಹೇಲ ತೀರುವುದಕ್ಕೆ ಎರಡು ವಾರ ಮೊದಲು. ಎಲ್ಲಿಗೆ ಎಂಬಲ್ಲಿ ಖಾಲಿ. ಅವಳು ಕೇಳಿದ್ದಳು. "ಚಲೋ ಜಾಗಾದಾಗ ಐತಿ" ಎಂದಿದ್ದ, ನಕ್ಕು. ಅವಳು ಪೆನ್ನಿನ ಮುಚ್ಚಳ ಹಾಕಿದ್ದಳು. ಆಗ ಇನ್ನೊಂದು ಮಾತು ಕೇಳಬೇಕಿತ್ತು.

ಕೈನಾತ ಡಿಕ್ಕಿ ತೆರೆದಳು. ಚಾಪೆ ಎತ್ತಿ ಸ್ಟೆಪ್ನಿಯನ್ನು ಎರಡೂ ಕೈಯಿಂದ ಎಳೆದು ಹೊರಗೆ ಹಾಕಿದಳು. ಕೆಳಗಿನ ಗುಂಡಿ ಪೂರ್ತಿ ಕಪ್ಪು.

ಅವಳು ಅಲ್ಲೇ ಕುಳಿತಳು.

ಸೊಹೇಲ ಯಾವ ಗಾಡಿಗೆ ಬಣ್ಣ ಹೊಡೆದರೂ ಸ್ಟೆಪ್ನಿಯ ಕೆಳಗೆ ಅಂಗೈಯಷ್ಟು ಜಾಗ ಬಿಡುತ್ತಿದ್ದ. ಗಾಡಿ ಹುಟ್ಟಿದ ಬಣ್ಣ ಅಲ್ಲಿ ಉಳಿದಿರಬೇಕು, ಮುಂದೆ ಕೈ ಹಚ್ಚುವವನಿಗೆ ಗೊತ್ತಾಗಬೇಕು ಎನ್ನುತ್ತಿದ್ದ. ಆಲ್ಟುರಾದಲ್ಲಿ ಅಂಥ ಅಂಗೈ ಇತ್ತು. ಎಂಟುನೂರರಲ್ಲಿ ಇತ್ತು. ಇದರಲ್ಲಿ ಇಲ್ಲ.

ಇದು ಅವನ ಕೈಯ ಕೆಲಸವಲ್ಲ. ಆದರೆ ಅದನ್ನು ಹೇಳಿದರೆ ನಂಬುವವರು ಈ ಮನೆಯಲ್ಲಿ ಇಬ್ಬರು, ಅಷ್ಟೇ.

ಗಾಡಿಯ ಸುತ್ತ ಬಂದಳು. ಹಿಂದಿನ ಗಾಜಿನ ರಬ್ಬರಿನ ಕೆಳಗೆ ಬಿಳಿಯದೇನೋ ಇಣುಕುತ್ತಿತ್ತು. ಉಗುರಿನಿಂದ ಎಳೆದಳು. ಬಣ್ಣ ಹೊಡೆಯುವಾಗ ಗಾಜಿಗೆ ಹಚ್ಚುವ ಹಳೆಯ ಪತ್ರಿಕೆಯ ತುಣುಕು, ಎರಡು ಬೆರಳಗಲ. ತಾರೀಖು ಇಲ್ಲ, ಸುದ್ದಿಯೂ ಇಲ್ಲ. ಒಂದು ಸಾಲು ಮಾತ್ರ: "ಆಲಮಟ್ಟಿ ಜಲಾಶಯ: 517.42 ಮೀ."

ಕೈನಾತ ತುಣುಕನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಮ್ಮಿ, ಈ ಹನ್ನೊಂದ ದಿನದ ಪೇಪರ ಎಲ್ಲಿ ಇಟ್ಟೀರಿ?"

"ಯಾರ ಓದಿದ್ರು? ಹಂಗ ಮಡಚಿ ಟ್ರಂಕಿನ ಮ್ಯಾಲ ಒಗದೇನಿ."

ಮಡಿಕೆ ಬಿಚ್ಚದ ಪತ್ರಿಕೆಗಳು. ಕೈನಾತ ಒಂದೊಂದನ್ನೇ ತೆರೆದು ನಾಲ್ಕನೆಯ ಪುಟದ ಕೆಳಗಿನ ಮೂಲೆ ನೋಡಿದಳು. ಮಳೆಗಾಲದಲ್ಲಿ ನೀರಿನ ಮಟ್ಟ ದಿನಕ್ಕೊಂದು. ಮೊದಲ ದಿನ 515. ಮರುದಿನ ಸ್ವಲ್ಪ ಮೇಲೆ. ಆರನೆಯದರಲ್ಲಿ ಬೆರಳು ನಿಂತಿತು.

ಬುಧವಾರ. ಸೊಹೇಲ ಮಣ್ಣಿಗೆ ಹೋಗಿ ಆರನೆಯ ದಿನ.

"ಅಮ್ಮಿ, ಶೆಡ್ಡಿನ ಗೇಟಿನ ಚಾವಿ ಯಾರ ಕಡೆ ಇತ್ತು?"

ಹಾಜಿರಾಬಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಮೂರನೇ ದಿನಾ ಜಿಯಾರತ್ತಿಗೆ ಮಂದಿ ಭಾಳ ಆಗಿತ್ತಲ್ಲ. ಕುಂಡ್ರಾಕ ಜಾಗಾ ಆಗ್ಲಿ ಅಂತ ಆ ಸತೀಶನ ಬಂದು ಬೆಳ್ಳಿ ಗಾಡಿ ಹೊರಗ ಒಯ್ದ. ಎಷ್ಟ ಚಲೋ ಹುಡುಗ ಅಂತ ದುವಾ ಮಾಡೇನಿ ನಾನು. ಶುಕ್ರವಾರ ಗಂಡಸೂರೆಲ್ಲ ನಮಾಜಿಗೆ ಹೋದಾಗ ತಿರುಗಿ ತಂದು, ತಾಡಪತ್ರಿ ಹೊಚ್ಚಿ ಹೋದ." ಅವಳು ಸೊಸೆಯ ಮುಖ ನೋಡಿದಳು. "ಯಾರ ಬಂದು ತಾಡಪತ್ರಿ ಎತ್ತತಾರ ಅಂತ ತಿಳಿದಿದ್ದ? ನೀ ನಾಕ ತಿಂಗಳ ಹತ್ತ ದಿನಾ ಇದ್ದತ್ತಿನಾಗ ಕುಂಡ್ರತಿ, ಹೊಸ್ತಿಲ ದಾಟೂದಿಲ್ಲ ಅಂತ ಲೆಕ್ಕಾ ಹಾಕ್ಯಾನ."

"ಹೊಸ್ತಿಲ ನಾ ದಾಟಿಲ್ಲಲ್ಲ ಅಮ್ಮಿ."

ಹಾಜಿರಾಬಿ ಅಡುಗೆಮನೆಯ ಪಕ್ಕದ ಬಾಗಿಲ ಕಡೆ ನೋಡಿದಳು. ಅದು ನೇರ ಶೆಡ್ಡಿಗೇ ತೆರೆಯುತ್ತಿತ್ತು. ಹೊರಗಿನ ಗಂಡಸರು ಯಾವಾಗಲೂ ಓಣಿಯ ಗೇಟಿನಿಂದ ಬಂದು ಓಣಿಯ ಗೇಟಿನಿಂದಲೇ ಹೋಗುತ್ತಿದ್ದರು. ಒಳಗೊಂದು ದಾರಿ ಇದೆಯೆಂದು ಅವರಿಗೆ ತಿಳಿದಿರಲಿಲ್ಲ.

"ಮ್ಯಾಲಿನವ ಈ ಮನಿ ಕಟ್ಟಿದ ಗೌಂಡಿಗೆ ಒಳ್ಳೇದ ಮಾಡ್ಲಿ," ಎಂದಳು ಹಾಜಿರಾಬಿ, ಮತ್ತೆ ರೊಟ್ಟಿ ತಟ್ಟತೊಡಗಿದಳು. ಈಗ ಪೆಟ್ಟು ಜೋರಾಗಿ ಬೀಳುತ್ತಿತ್ತು.

ಹನ್ನೊಂದಕ್ಕೆ ಅವರು ಬಂದರು. ಗುರುಸಿದ್ದವ್ವ ಕುರ್ಚಿಯ ಮೇಲೆ, ಸತೀಶಕುಮಾರ ಗೋಡೆ ಬದಿಯ ಮಂಚದ ಮೇಲೆ. ನಡುಮನೆಯ ಬಾಗಿಲಿಗೆ ಹಸಿರು ಹೂವಿನ ಪರದೆ. ಅದರ ಹಿಂದೆ ಮಣೆಯ ಮೇಲೆ ಕೈನಾತ, ತೊಡೆಯ ಮೇಲೆ ಎರಡು ಚೀಟಿ, ಒಂದು ಪತ್ರಿಕೆ. ಮುಖ ಕಾಣದಿದ್ದರೆ ದನಿ ಚೆನ್ನಾಗಿ ಕೇಳುತ್ತದೆ ಎಂದು ಅವಳಿಗೆ ಆ ಹತ್ತು ದಿನದಲ್ಲಿ ತಿಳಿದಿತ್ತು.

"ಭಾಬಿ, ತ್ರಾಸ ಕೊಡಾಕ ಬಂದಿಲ್ರಿ," ಸತೀಶಕುಮಾರ ಶುರು ಮಾಡಿದ. "ಸೊಹೇಲ ನನ್ನ ದೋಸ್ತ. ಆದ್ರ ದೋಸ್ತಿ ಬ್ಯಾರೆ, ಅತ್ತಿ ಗಾಡಿ ಬ್ಯಾರೆ. ಒಳಗ ನಿಂತದ್ದು ಕಾರ್ಬನ್ ಅಲ್ಲ. ಯಾವುದೋ ಸ್ಟೀಲಿಗೆ ಕರೀ ಬಣ್ಣಾ ಹೊಡದಾನ."

"ಯಾವುದೋ ಅಲ್ರಿ ಸತೀಶಣ್ಣಾ. ನೀವ ತಂದ ಬಿಟ್ಟದ್ದು. ಚಾಸಿ ನಂಬರ ಕೂಡತೈತಿ, ಚೀಟಿ ಮ್ಯಾಲ ನಿಮ್ಮ ಸಹಿ ಐತಿ."

ಮಂಚ ಕಿರುಗುಟ್ಟಿತು.

"ನಿನ್ನ ಗಾಡಿ?" ಗುರುಸಿದ್ದವ್ವನ ದನಿ. "ನಿನಗ್ಯಾವ ಗಾಡಿ ಐತಿ ಸತ್ಯಾ?"

"ನಿಮ್ಮ ಗಾಡಿಗೆ ಸಾಮಾನ ಸಿಗವಲ್ದಾಗಿತ್ತು ಅತ್ತಿ, ಅದಕ್ಕ ತಂದಿದ್ದೆ. ನಂಬಿ ಬಿಟ್ಟೆ. ಆ ಮನಷಾ ಅದಕ್ಕೂ ಬಣ್ಣಾ ಬಳದಾನ. ಈಗ ನನಗೂ ಮೋಸ ಆತು."

ಒಳ್ಳೆಯ ಉತ್ತರ ಎಂದುಕೊಂಡಳು ಕೈನಾತ. ಸ್ಟೆಪ್ನಿಯ ಕೆಳಗಿನ ಅಂಗೈಯ ವಿಷಯ ಹೇಳಿದಳು. ಬೇಕಾದರೆ ಉಳಿದ ಗಾಡಿಗಳನ್ನು ತೆರೆದು ನೋಡಿ ಎಂದಳು.

"ಕಳವು ಮಾಡಾವ ಗುರುತ ಬಿಟ್ಟ ಹೋಗ್ತಾನೇನ್ರಿ ಭಾಬಿ?" ಅವನ ದನಿಯಲ್ಲಿ ನಗು ಇತ್ತು.

ಈ ಮಾತಿಗೆ ಅವಳು ಕಾದಿದ್ದಳು.

"ಹೌದ್ರಿ. ಬಿಡೂದಿಲ್ಲ. ಮತ್ತ ಯಾವಾಗ ಬಣ್ಣಾ ಹೊಡದ್ರು ಅವರು?"

"ತಿಂಗಳಾತು."

"ನೀವು ನೋಡೀರಿ?"

"ಕಣ್ಣಾರೆ. ಆರಾಕ ಬಿಟ್ಟಿದ್ದ. ಏನಲೇ ಇದು ಅಂದೆ. ಮಾತ ತೇಲಿಸಿಬಿಟ್ಟ."

"ಆಯಿ," ಕೈನಾತ ಗುರುಸಿದ್ದವ್ವನನ್ನು ಕರೆದಳು. "ನೀವು ಹೆಣ್ಮಕ್ಕಳು. ಪರದೆ ಸರಿಸಿ ಒಳಗ ಬರ್ರಿ. ಒಂದು ತೋರಸೂದೈತಿ."

ಗುರುಸಿದ್ದವ್ವ ಬಂದಳು. ಇಳಕಲ್ ಸೀರೆ, ಕನ್ನಡಕ, ಕೈಯಲ್ಲಿ ಕೊಡೆ. ನೆಲದ ಮೇಲೆ ಕೈನಾತಳ ಪಕ್ಕದಲ್ಲಿ ಕುಳಿತು ಮೊದಲು ಅವಳ ಮುಖ ನೋಡಿದಳು.

"ಭಾಳ ಸಣ್ಣಾಕಿ ಅದಿಯಲ್ಲವಾ," ಎಂದಳು. ಆಮೇಲೆ ತುಣುಕನ್ನು ತೆಗೆದುಕೊಂಡಳು. "ಎಲ್ಲಿ ಸಿಕ್ತು?"

"ಗಾಡಿಯ ಹಿಂದಿನ ಗಾಜಿನ ರಬ್ಬರಿನಾಗ. ಬಣ್ಣಾ ಹೊಡಿಯಾವ್ರು ಗಾಜಿಗೆ ಪೇಪರ ಹಚ್ಚಿರ್ತಾರ. ಪೂರ್ತಿ ಕಿತ್ತಿಲ್ಲ." ಪತ್ರಿಕೆಯನ್ನು ಬಿಚ್ಚಿ ನಾಲ್ಕನೆಯ ಪುಟ ಮುಂದಿಟ್ಟಳು.

ಗುರುಸಿದ್ದವ್ವ ಪುಟ ನೋಡಲೇ ಇಲ್ಲ. "ಐದನೂರಾ ಹದಿನೇಳು ನಲವತ್ತೆರಡು," ಎಂದು ಓದಿದಳು. "ಇದು ಬುಧವಾರದ್ದು. ಮಂಗಳವಾರಕ್ಕಿಂತ ಅರ್ಧಾ ಮೀಟರ ಏರಿತ್ತು. ಕಾಲುವಿಗೆ ನೀರ ಬಿಡ್ತಾರ ಅಂತ ನಾನ ಆಳಿಗೆ ಹೇಳೇನಿ." ನಾಲ್ಕು ಎಕರೆ ಕಬ್ಬಿನವಳಿಗೆ ಆಲಮಟ್ಟಿಯ ಅಂಕಿ ಬಾಯಿಪಾಠ.

ಪರದೆಯ ಆಚೆ ಈಗ ಸತೀಶಕುಮಾರ ಒಬ್ಬನೇ. ಮಂಚ ಮತ್ತೆ ಕಿರುಗುಟ್ಟಿತು.

"ಸತ್ಯಾ."

"ಹೇಳ್ರಿ ಅತ್ತಿ."

"ಹ್ವಾದ ಬುಧವಾರ ಸೊಹೇಲ ಎಲ್ಲಿದ್ದ?"

ಹಾಜಿರಾಬಿಯ ಜಪಮಣಿ ಟಕ್ ಟಕ್ ಎಂದಿತು.

"ಆತು. ನಾನ ಹೊಡಸೀನಿ," ಕೊನೆಗೆ ಸತೀಶಕುಮಾರ ಎಂದ. ನಗು ಹೋಗಿತ್ತು, ಗಟ್ಟಿತನ ಹೋಗಿರಲಿಲ್ಲ. "ಯಾಕ ಹೊಡಸಿದೆ ಕೇಳ್ರಿ. ಮಣ್ಣಿಗೆ ಬಂದಾಗ ಶೆಡ್ಡಿನಾಗ ನಿಮ್ಮ ಗಾಡಿ ಇರಲಿಲ್ಲ ಅತ್ತಿ. ಹಿಂಗ ಅಂಜಿಸಿದ್ರ ಎಲ್ಲೈತಿ ಅಂತ ಇವರು ಬಾಯಿ ಬಿಡ್ತಾರ ಅಂತ ಮಾಡೇನಿ. ನಾ ಮಾಡಿದ್ದು ತಪ್ಪ. ಹಂಗಾದ್ರ ಕಾರ್ಬನ್ ಎಲ್ಲಿ ಹೋತು? ಕೇಳ್ರಿ ಭಾಬಿನ್ನ."

ಅದು ಅವಳಿಗೆ ತಗುಲಿತು. ಬೆಳಗಿನಿಂದ ತಾನೇ ತನಗೆ ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಚೀಟಿಯ ಆ ಖಾಲಿ ಜಾಗ.

"ಸಂಜಿಮಟಾ ನೋಡ್ತೇನಿ," ಸತೀಶಕುಮಾರ ಎದ್ದ. "ಆಮ್ಯಾಲ ಅತ್ತಿ ಕೊಡ್ಲಿ ಬಿಡ್ಲಿ, ಕಂಪ್ಲೇಂಟ ನಾ ಕೊಡಾಂವ." ಚಪ್ಪಲಿಯ ಸದ್ದು ಹೊರಗೆ ಹೋಯಿತು.

ಗುರುಸಿದ್ದವ್ವ ಏಳಲಿಲ್ಲ.

"ಆ ಗಾಡಿ ಬಬಲೇಶ್ವರಕ್ಕ ಬಂದಾಗ ಊರೆಲ್ಲಾ ನಕ್ಕಿತ್ತು. ಮಾಸ್ತರು ಗಡಿಬಿಡಿ ಮಾಡ್ಯಾರ, ಹಿಂದಿನ ಬಾಗಲಾ ಕೂಡ್ಸೂದ್ರೊಳಗ ತಂದಾರ ಅಂತ," ಎಂದಳು. "ಹಿಂದಿನ ಸೀಟಿಗೆ ಹೋಗೂದಂದ್ರ ಗೂಡಿನಾಗ ಕೋಳಿ ಹೊಕ್ಕಂಗ. ನಮ್ಮತ್ತಿಗೆ ಬಗ್ಗಾಕ ಬರತಿರಲಿಲ್ಲ, ಆಕಿ ಮನ್ಯಾಗ ಉಳದ್ಲು. ನಾ ಮುಂದ ಕುಂತೆ. ಮದಿವ್ಯಾಗಿ ಇಪ್ಪತ್ತ ವರ್ಷಕ್ಕ ಮೊದಲನೇ ಸಲ ರಸ್ತಾ ಎದುರಿಗೆ ಕಂಡೆ." ಕನ್ನಡಕ ತೆಗೆದು ಒರೆಸಿದಳು. "ನಿನಗ ಖರೇನ ಗೊತ್ತಿಲ್ಲ?"

"ಗೊತ್ತಿಲ್ರಿ ಆಯಿ."

"ಗೊತ್ತಾದಾಗ ಮೊದಲ ನನಗ ಹೇಳು. ಮಾರ್ಯಾನ ಅಂತ ಗೊತ್ತಾದರೂ ಹೇಳು. ನಾ ಸಿಟ್ಟ ಆಗ್ತೇನಿ, ಖರೆ ಆಮ್ಯಾಲ ಸಮಾಧಾನ ಆಗ್ತೇನಿ."

ಅವಳು ಹೋದ ಮೇಲೂ ಕೈನಾತ ಮಣೆಯ ಮೇಲೇ ಇದ್ದಳು. ಕದ್ದು ಬಣ್ಣ ಹೊಡೆದವನು ಸೊಹೇಲ ಅಲ್ಲ. ಅರ್ಧ ಕೆಲಸ ಆಗಿತ್ತು. ಉಳಿದ ಅರ್ಧಕ್ಕೆ ಸಂಜೆಯವರೆಗೆ ಹೊತ್ತು.

ಊಟದ ಹೊತ್ತಿಗೆ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ರುಮಾಲು ಸುತ್ತಿದ ಒಬ್ಬ ಮುದುಕ, ಕೈಯಲ್ಲಿ ಒಣದ್ರಾಕ್ಷಿಯ ಚೀಲ. ಹಾಜಿರಾಬಿ ಒಳಗೆ ಕರೆದು ಕುರ್ಚಿ ಕೊಟ್ಟಳು.

"ತಿಕೋಟದ ಶಂಕ್ರೆಪ್ಪ ಅದೇನ್ರಿ. ದ್ರಾಕ್ಷಿ ತ್ವಾಟ ಐತಿ. ಸೊಹೇಲ ಹ್ವಾದದ್ದು ನನಗ ನಿನ್ನಿ ಗೊತ್ತಾತು." ಅವನು ಚೀಲವನ್ನು ಕೆಳಗಿಟ್ಟ. "ನನ್ನ ಹಳೇ ಪದ್ಮಿನಿ ಗಾಡಿಗೆ ಜೀವಾ ಕೊಟ್ಟ ಹುಡುಗ. ಏನ ಹೇಳ್ಬೇಕು ನಿಮಗ."

ಚಹಾ ಬಂತು. ಅವನು ಬಸಿಗೆ ಹಾಕಿಕೊಂಡು ಕುಡಿದ. ಕುಡಿದ ಮೇಲೂ ಏಳಲಿಲ್ಲ, ರುಮಾಲು ಸರಿಮಾಡಿಕೊಂಡ, ಮತ್ತೆ ಕೆಮ್ಮಿದ.

"ಏನೋ ಐತಿ ನಿಮ್ಮ ಮನಸಿನಾಗ. ಹೇಳ್ರಿ," ಎಂದಳು ಹಾಜಿರಾಬಿ.

"ಕೇಳಬ್ಯಾಡಂತ ಮನ್ಯಾಗ ಬೈದ ಕಳಿಸ್ಯಾರ. ದ್ರಾಕ್ಷಿ ಒಣಗಸೂ ಶೆಡ್ಡಿಗೆ ಕಟ್ಟೂ ಹಸರ ನೆಟ್ಟು, ಎರಡು, ಸೊಹೇಲ ಕೇಳಿ ಇಸ್ಕೊಂಡಿದ್ದ. ಸಸಿ ಮ್ಯಾಲ ಕಟ್ಟಬೇಕಾಗೈತಿ. ಇಲ್ಲಂದ್ರ ಇರ್ಲಿ ಬಿಡ್ರಿ."

"ಯಾಕ ಇರ್ಲಿ? ಮಂದಿ ನಂಬಿ ಕೊಟ್ಟ ಅಮಾನತ್ತು ನನ್ನ ಮಗನ ಕೊಳ್ಳಾಗ ಯಾಕ? ಬೇಟಿ, ನೋಡು."

ಡಾಲ್ಫಿನ್‌ನ ಹಿಂದಿನ ಸೀಟಿನ ಮೇಲೆ ಅದು ಸಿಕ್ಕಿತು. ಹಸಿರು, ದೊಡ್ಡದು, ಕೊಡವಿದರೆ ದ್ರಾಕ್ಷಿಯ ಹುಳಿ ವಾಸನೆ. ಕೈನಾತ ನಾಲ್ಕು ಮಡಿಕೆ ಮಾಡಿ ಪರದೆಯವರೆಗೆ ತಂದಳು.

"ಒಂದ ಸಿಕ್ತು ಮುತ್ಯಾ. ಇನ್ನೊಂದು ಹುಡಕ್ತೇನಿ."

"ಇನ್ನೊಂದು ಇಲ್ಲೆಲ್ಲಿ ಹುಡುಕ್ತಿಯವಾ? ಅದು ನಮ್ಮ ಶೆಡ್ಡಿನಾಗ ಐತೆಲ್ಲ, ಗಾಡಿ ಮ್ಯಾಲ."

ಕೈನಾತಳ ಕೈ ಪರದೆಯ ಮೇಲೆ ನಿಂತಿತು. "ಯಾವ ಗಾಡಿ?"

"ಕರೀದು. ಹಿಂದ ಬಾಗಲಾ ಇಲ್ಲದ್ದು. ಇದೇನೋ ಅರ್ಧಾ ಗಾಡಿ ಅಂದ್ರ ನಕ್ಕ. ಮಳಿಗಾಲದಾಗ ಶೆಡ್ಡು ಖಾಲಿ ಇರ್ತೈತಿ, ಇಡೋ ಅಂದೆ. 'ಬಬಲೇಶ್ವರದ ಮುದುಕಿ ಗಾಡಿ ಮುತ್ಯಾ, ಇದರ ಮ್ಯಾಲ ಮಂದಿ ಕಣ್ಣ ಐತಿ. ನಾ ಬರಬೇಕು, ಇಲ್ಲಾ ನನ್ನ ಹೆಂಡತಿ ಬರಬೇಕು, ಬ್ಯಾರೆ ಯಾರ ಬಂದ್ರೂ ಕೊಡಬ್ಯಾಡ' ಅಂದ."

ಮಾರಿರಲಿಲ್ಲ.

ಕೈನಾತ ನೆಟ್ಟನ್ನು ಎದೆಗೆ ಒತ್ತಿಕೊಂಡು ನಿಂತಳು. ಎಲ್ಲಿಗೆ ಎಂದು ಅವನು ಅವಳಿಗೆ ಹೇಳಿರಲಿಲ್ಲ. ಆದರೆ ಹೇಳಬೇಕಾದಲ್ಲಿ ಅವಳ ಹೆಸರನ್ನು ಹೇಳಿದ್ದ. ಕಣ್ಣು ಮಂಜಾಯಿತು, ಪರದೆಯ ಹೂವುಗಳು ಒಂದರೊಳಗೊಂದು ಬೆರೆತವು. ಎಷ್ಟೋ ದಿನಕ್ಕೆ ಏನೋ ಒಂದು ತನಗೇ ಆಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು.

"ಬಾ ಬೇಟಿ," ಹಾಜಿರಾಬಿಯ ದನಿಯೂ ಒದ್ದೆಯಾಗಿತ್ತು. "ಮುತ್ಯಾನ ಮುಂದ ಎಂಥಾ ಪರದಾ. ನಿನ್ನ ಕೈಯಾರೆ ಕೊಡು."

ಅವಳು ತಲೆಯ ಮೇಲೆ ದುಪಟ್ಟ ಎಳೆದುಕೊಂಡು ಹೊರಗೆ ಬಂದಳು. ಶಂಕ್ರೆಪ್ಪ ಎದ್ದು ಎರಡೂ ತೋಳು ಚಾಚಿದ. ಅವಳು ನೆಟ್ಟನ್ನು ಅವುಗಳ ಮೇಲೆ ಇಟ್ಟಳು. ಮುದುಕ ಅವಳ ಮುಖವನ್ನು ನೋಡಿದ. ಇನ್ನೊಮ್ಮೆ ನೋಡಿದ.

"ನೀ ಸೊಹೇಲನ ತಂಗಿ ಏನವಾ?"

"ಅಲ್ರಿ ಮುತ್ಯಾ. ಹೆಂಡತಿ."

ತೋಳು ಸಡಿಲವಾಗಿ ನೆಟ್ಟು ಕೆಳಗೆ ಜಾರಿತು.

"ಹಂಗಾರ ನಿನ್ನಿ ಅಳಕೋತ ಬಂದು, ಸೊಹೇಲ ಹ್ವಾದ ಅಂತ ಹೇಳಿ, ನಾ ಅವನ ಹೆಂಡತಿ ಅಂತಂದು ನನ್ನ ಕಡೆ ಗಾಡಿ ಚಾವಿ ಇಸ್ಕೊಂಡ ಹೋದಾಕಿ ಯಾರು?"

ಹಾಜಿರಾಬಿಯ ಜಪಮಣಿ ನಿಂತಿತು.

"ಗಾಡಿ?" ಕೈನಾತ ಕೇಳಿದಳು.

"ಗಾಡಿ ಐತವಾ. ಬ್ಯಾಟರಿ ಇಳದಿತ್ತು, ಚಾಲೂ ಆಗಲಿಲ್ಲ. ಇವತ್ತ ನಾಕಕ್ಕ ಮಂದಿ ಕರಕೊಂಡ ಬರ್ತೇನಿ ಅಂದಾಳ."

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ನಾಲ್ಕಕ್ಕೆ ಗಾಡಿ ಕಣ್ಮರೆಯಾದರೆ, ಸತೀಶಕುಮಾರನ ಸಂಜೆಯ ಕಂಪ್ಲೇಂಟಿನಲ್ಲಿ ಕಳ್ಳ ಸೊಹೇಲನೇ. ಕೈನಾತ ಬಗ್ಗಿ ನೆಟ್ಟನ್ನು ಎತ್ತಿದಳು, ಧೂಳು ಕೊಡವಿದಳು, ಮಡಿಕೆ ಸರಿಮಾಡಿ ಮತ್ತೆ ಮುದುಕನ ತೋಳಿನ ಮೇಲೆ ಇಟ್ಟಳು.

"ಇದನ್ನ ಹಿಡೀರಿ ಮುತ್ಯಾ," ಎಂದಳು. "ಇನ್ನೊಂದನ್ನ ನಾನ ಹೊಸ್ತಿಲ ದಾಟಿ ಬಂದು ತಗದ ಕೊಡತೇನಿ."